ಕಸದಿಂದ ರಸ ಅಲ್ರೀ, ಕಸದಿಂದ ಕಸ

1/10

ಎರಡೂ ಫೋಟೋ ಸ್ವೈಪ್ ಮಾಡಿ ನೋಡ್ರಿ.

ಮೊದಲನೇದು ಮೂರು ವರ್ಷದ ಹಿಂದಿನದು. ಅರ್ಧಕ್ಕೆ ಕತ್ತರಿಸಿದ ಕೂಲ್‌ಡ್ರಿಂಕ್ ಬಾಟಲಿ, ಸುತ್ತ ಹದಿನಾಲ್ಕು ಕ್ರಿಸ್ಮಸ್ ಬಾಲ್, ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ, ಚಮಕಿ, ಕೆಂಪು ರಿಬ್ಬನ್. ಪೆನ್ ಸ್ಟ್ಯಾಂಡ್ ಅಂತೆ. ಮಾಡಿದ್ದು ನಾನೇ. 412 ಲೈಕ್ ಬಂದಿದ್ದವು. "ಎಷ್ಟು ಕ್ರಿಯೇಟಿವ್ ಇದ್ದೀರಿ ಸಿಸ್" ಅಂತ ಕಾಮೆಂಟ್ ಬೇರೆ. ಕೆಳಗೆ ನಾನು ಹಾಕಿದ ಹ್ಯಾಶ್‌ಟ್ಯಾಗ್: ಕಸದಿಂದ ರಸ.

ಎರಡನೇ ಫೋಟೋ ನಮ್ಮ ಬಚ್ಚಲದ ಹಂಡೆ ಒಲೆ. ಆ ಪೆನ್ ಸ್ಟ್ಯಾಂಡ್ ಕೊನೆಗೆ ಹೋಗಿದ್ದು ಅಲ್ಲಿಗೆ.

ನಡುವೆ ಏನಾಯ್ತು ಅಂದ್ರೆ, ಏಪ್ರಿಲ್ ಬಿಸಿಲಿಗೆ ಗ್ಲೂ ಮೆತ್ತಗಾಗಿ ಒಂದೊಂದೇ ಬಾಲ್ ಕಳಚಿ ಬಿತ್ತು. ಬೀದರ್ ಬಿಸಿಲು ನಿಮಗೆ ಗೊತ್ತೇ ಅದ. ಚಮಕಿ ಪುಸ್ತಕದ ಮೇಲೆ, ಹಾಸಿಗೆ ಮೇಲೆ, ತಮ್ಮನ ರೊಟ್ಟಿ ಮೇಲೆ. ಮೇ ತಿಂಗಳಲ್ಲಿ ಅದು ಟೇಬಲ್‌ನಿಂದ ಅಟ್ಟಕ್ಕೆ ಹೋಯ್ತು. ಮುಂದಿನ ಚಳಿಗಾಲದಲ್ಲಿ ಅವ್ವ ಅಟ್ಟ ಸ್ವಚ್ಛ ಮಾಡುವಾಗ ಕೇಳಿದಳು: "ಏ ಪೋರಿ, ಇದಕ್ಕೇನ್ ಮಾಡ್ಲಿ ಹೇಳು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಲೆಯ ಹತ್ತಿರ ಇತ್ತು.

ಈಗ ಮತ್ತೆ ಕ್ರಿಸ್ಮಸ್ ಮುಗಿದಿದೆ. ನಿಮ್ಮ ಫೀಡ್‌ನಲ್ಲಿ ಮತ್ತೆ ಅದೇ ರೀಲ್ ಶುರುವಾಗಿವೆ. "ಹಳೇ ಅಲಂಕಾರ ಎಸೀಬೇಡಿ, ಹೀಗೆ ಮಾಡಿ!" ಹತ್ತು ಐಡಿಯಾ, ಇಪ್ಪತ್ತು ಐಡಿಯಾ. ನಾನು ಹತ್ತು ಪೋಸ್ಟ್‌ನಲ್ಲಿ ಹೇಳೋದು ಒಂದೇ ಮಾತು: ಇವುಗಳಲ್ಲಿ ಬಹಳಷ್ಟು ಮರುಬಳಕೆ ಅಲ್ಲವೇ ಅಲ್ಲ. ಒಂದು ವರ್ಷ ತಡವಾಗಿ ಹುಟ್ಟುವ ಕಸ, ಅದೂ ಮೊದಲಿಗಿಂತ ಕೆಟ್ಟ ಕಸ.

ಸಿಟ್ಟು ಬಂದ್ರೆ ಬರಲಿ. ಪೂರಾ ಓದಿ ಬೈರಿ.

#ಅಷ್ಟೂರ #ಬೀದರ್ #ಕಸದಿಂದಕಸ

2/10

ಮೊದಲು ಒಲೆಯ ಮಾತು ಮುಗಿಸ್ತೀನಿ. ಯಾಕಂದ್ರೆ ರೀಲ್‌ನಲ್ಲಿ ಒಲೆ ಬರೋದಿಲ್ಲ.

ಕರ್ನಾಟಕದಲ್ಲಿ ಚಳಿ ಅಂದ್ರೆ ಬೀದರ್ ಹೆಸರು ಬರ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಗೆ ಬೆಂಕಿ ಹಚ್ಚುವವರು ಯಾರು? ನಾವಲ್ಲ. ಅವ್ವ, ಆಯಿ, ಅತ್ತಿಗೆ. ಮಂಜಿಗೆ ಕಟ್ಟಿಗೆ ಹಸಿ ಇರ್ತದೆ, ಬೇಗ ಹತ್ತೋದಿಲ್ಲ. ಆಗ ಕೈಗೆ ಸಿಗೋದು ಪ್ಲಾಸ್ಟಿಕ್. ಒಂದು ಕವರ್, ಒಂದು ಚಿಪ್ಸ್ ಪ್ಯಾಕೆಟ್, ಒಂದು ಥರ್ಮೊಕೋಲ್ ತುಂಡು. ಭರ್ ಅಂತ ಹತ್ತಿಕೊಳ್ತದೆ. ಹೊಗೆ ಕರ್ರಗೆ ಏಳ್ತದೆ. ಊದುಗೊಳವೆ ಹಿಡಿದವಳ ಮುಖ ಆ ಹೊಗೆಯಿಂದ ಒಂದು ಮೊಳ ದೂರದಲ್ಲಿ.

ಬಾಲ್ ಅಂತೀವಲ್ಲ, ಅದು ಹೆಚ್ಚಾಗಿ ಪಾಲಿಸ್ಟೈರೀನ್. ಥರ್ಮೊಕೋಲ್ ಸಹ ಅದೇ ವಸ್ತು, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಸುಟ್ಟರೆ ದಟ್ಟ ಮಸಿ, ಸ್ಟೈರೀನ್ ಆವಿ. ಮಿಣಮಿಣ ಮಾಡುವ ಝರಿ ಮಾಲೆ ಬಹುಪಾಲು ಪಿವಿಸಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ, ಗಂಟಲು ಕಣ್ಣು ಸುಡುವ ಅನಿಲ ಬರ್ತದೆ. ಜೊತೆಗೆ ಡಯಾಕ್ಸಿನ್. ಅದು ಕೊಬ್ಬಿನಲ್ಲಿ ಸೇರಿ ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. ಹಂಡೆ ಒಲೆಯ ಸಣ್ಣ ಉರಿಯಲ್ಲಿ, ಅರೆಬರೆ ಸುಡುವಾಗ, ಇದು ಇನ್ನೂ ಹೆಚ್ಚು.

ಅವ್ವ ಈಗ ಚಳಿಗಾಲ ಬಂದ್ರೆ ಇನ್‌ಹೇಲರ್ ಸೆರಗಿಗೆ ಕಟ್ಟಿಕೊಂಡೇ ಇರ್ತಾಳೆ. ಅದು ನನ್ನ ಪೆನ್ ಸ್ಟ್ಯಾಂಡ್‌ನಿಂದಲೇ ಬಂತು ಅಂತ ನಾನು ಹೇಳೋದಿಲ್ಲ. ಇಪ್ಪತ್ತೈದು ವರ್ಷದ ಒಲೆ ಹೊಗೆ ಅದ ಅವಳ ಎದೆಯಲ್ಲಿ. ಆದರೆ ಅದರ ಮೇಲೆ ನನ್ನ ಹದಿನಾಲ್ಕು ಬಾಲನ್ನೂ ನಾನು ಪೇರಿಸಿದೆ. ಅದು ಖರೇ.

ಬಯಲಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಬಚ್ಚಲದ ಒಲೆಗೆ ಯಾರು ಬಂದು ನೋಡ್ತಾರೆ? ನಾವೇ ನೋಡ್ಕೋಬೇಕು.

3/10

"ಸುಡಬೇಡಿ, ರೀಸೈಕಲ್‌ಗೆ ಕೊಡಿ" ಅಂತೀರಿ. ಸರಿ, ಕೊಡೋಣ.

ನಮ್ಮ ಕಡೆ ಗುಜರಿಗೆ ಭಂಗಾರ್ ಅಂತಾರೆ. ಬಂಗಾರಕ್ಕೂ ಭಂಗಾರಕ್ಕೂ ಒಂದೇ ಅಕ್ಷರದ ಫರಕು, ಮತ್ತು ಭಂಗಾರ್ ಚಾಚಾಗೆ ಆ ಫರಕು ನಮಗಿಂತ ಚೆನ್ನಾಗಿ ಗೊತ್ತು. ಕಳೆದ ವಾರ ಒಂದು ಚೀಲ ತುಂಬಿಕೊಂಡು ಅವರ ಗಾಡಿ ಹತ್ತಿರ ಹೋದೆ. ಅವರು ಚೀಲ ಸುರುವಿ ಎರಡು ನಿಮಿಷದಲ್ಲಿ ಮೂರು ಗುಂಪು ಮಾಡಿದರು.

ಒಂದನೇ ಗುಂಪು: ರಟ್ಟಿನ ಡಬ್ಬಿ, ಖಾಲಿ ನೀರಿನ ಬಾಟಲಿ. ತೂಕಕ್ಕೆ ಹಾಕಿದರು.

ಎರಡನೇದು: ಬಾಲ್ ಇಡುವ ಪಾರದರ್ಶಕ ಟ್ರೇ, ಕೇಕ್ ಮುಚ್ಚಳ. ತಿರುಗಿಸಿ ತಳದ ತ್ರಿಕೋನದಲ್ಲಿ ನಂಬರ್ ನೋಡಿದರು. 1 ಅಂದ್ರೆ ಪೆಟ್, 5 ಅಂದ್ರೆ ಪಾಲಿಪ್ರೊಪಿಲೀನ್. "ಹೆಚ್ಚು ಇದ್ರೆ ತೊಗೊಂಡು ಬಾ, ಒಂದೆರಡಕ್ಕೆ ಏನೂ ಬರಲ್ಲ" ಅಂದರು.

ಮೂರನೇದು: ಬಾಲ್, ಝರಿ ಮಾಲೆ, ಚಮಕಿ ಹಚ್ಚಿದ ನಕ್ಷತ್ರ, ಮತ್ತು ತಮ್ಮ ಮಾಡಿದ ಒಂದು "ಕ್ರಾಫ್ಟ್". ಅದನ್ನು ಕೈಯಲ್ಲೂ ಹಿಡೀಲಿಲ್ಲ. "ಯೇ ನಹೀ ಚಲ್ತಾ ಬೇಟಾ."

ಯಾಕೆ ನಡೆಯೋದಿಲ್ಲ? ಬಾಲ್ ಒಂದೇ ವಸ್ತು ಅಲ್ಲ. ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಮ್‌ನ ತೆಳು ಲೇಪ, ಅದರ ಮೇಲೆ ಬಣ್ಣದ ಲ್ಯಾಕರ್, ತಲೆಗೆ ಒಂದು ಟೊಪ್ಪಿಗೆ, ಒಂದು ತಂತಿ, ಒಂದು ದಾರ. ಅದನ್ನೆಲ್ಲ ಬಿಡಿಸಿ ಬೇರೆ ಮಾಡುವ ಕೂಲಿ ಆ ಪ್ಲಾಸ್ಟಿಕ್ ಬೆಲೆಗಿಂತ ಹೆಚ್ಚು.

ಈಗ ಮುಖ್ಯ ಮಾತು ಕೇಳ್ರಿ. ಕೂಲ್‌ಡ್ರಿಂಕ್ ಬಾಟಲಿ ಒಂದನೇ ಗುಂಪಿನದು. ಅದಕ್ಕೆ ಬೆಲೆ ಇತ್ತು. ನಾನು ಅದನ್ನು ಕತ್ತರಿಸಿ, ಗ್ಲೂ ಹಾಕಿ, ಸ್ಪ್ರೇ ಹೊಡೆದು, ಚಮಕಿ ಉದುರಿಸಿದ ಕೂಡಲೇ ಅದು ಮೂರನೇ ಗುಂಪಿಗೆ ಬಿತ್ತು. ಕಸದಿಂದ ರಸ ತೆಗೆದೆ ಅಂದ್ಕೊಂಡೆ. ಮಾಡಿದ್ದು ಮಾತ್ರ ಬೆಲೆ ಇದ್ದ ಸಾಮಾನನ್ನು ಬೆಲೆ ಇಲ್ಲದ ಕಸ. ನನ್ನ ಕೈಯಾರೆ.

ಗ್ಲೂ ಗನ್ ಹಿಡಿಯೋ ಮುಂಚೆ ಚಾಚಾನ ಮೂರು ಗುಂಪು ನೆನೆಸ್ಕೊಳ್ರಿ.

4/10

ಬಿಕಾಂ ಓದೋಳು ಲೆಕ್ಕ ಹಾಕದೆ ಬಿಟ್ರೆ ಹೆಂಗೆ? ಇವತ್ತು ಕಾಸ್ಟ್ ಶೀಟ್.

ನನ್ನ ಪೆನ್ ಸ್ಟ್ಯಾಂಡ್:
ಗ್ಲೂ ಸ್ಟಿಕ್ 6 × ₹10 = ₹60
ಸ್ಪ್ರೇ ಡಬ್ಬಿ = ₹180
ಚಮಕಿ = ₹20
ರಿಬ್ಬನ್ = ₹20
ಬಾಲ್ 14 (24ರ ಡಬ್ಬಿಗೆ ₹240, ಒಂದಕ್ಕೆ ₹10) = ₹140
ಒಟ್ಟು = ₹420

420! ಬೇಕಂತ ಕೂಡಿಸಿದ್ದಲ್ಲ, ಲೆಕ್ಕವೇ ತಾನಾಗಿ ಹಂಗ್ ಬಂತು. ಅಂಗಡಿಯಲ್ಲಿ ₹50ಕ್ಕೆ ಪೆನ್ ಸ್ಟ್ಯಾಂಡ್ ಸಿಗ್ತದೆ. ಮನೆಯಲ್ಲಿ ಹಿಡಿ ಮುರಿದ ಸ್ಟೀಲ್ ಲೋಟ ಇತ್ತು, ಅದಕ್ಕೆ ₹0.

ನನ್ನ ಕ್ಲಾಸ್‌ಮೇಟ್ ಒಬ್ಬಳು ತಡೆದಳು: "ಬಾಲ್ ಹಳೇವು ಅಲ್ಲೇನು? ಅದರ ರೊಕ್ಕ ಆಗಲೇ ಹೋಗಿದೆ. ಸಂಕ್ ಕಾಸ್ಟ್. ಲೆಕ್ಕಕ್ಕೆ ತೊಗೋಬಾರದು." ಒಳ್ಳೆಯ ಪಾಯಿಂಟ್. ₹140 ಹೊಡೆದು ಹಾಕಿದೆ. ಉಳಿದದ್ದು ₹280.

ಆದರೆ ಮುಂದಿನ ಡಿಸೆಂಬರ್‌ನಲ್ಲಿ ಏನಾಯ್ತು? ಡಬ್ಬಿ ತೆಗೆದರೆ 24ರಲ್ಲಿ ಉಳಿದದ್ದು 10. ಗಿಡ ಬೋಳು ಕಾಣ್ತದೆ ಅಂತ ಅವ್ವ ಹೊಸ ಡಬ್ಬಿ ತಂದಳು. ₹240. ಕೂಡಿಸಿ: ₹520. ಹಳೇದು ಉಳಿಸ್ತೀನಿ ಅಂತ ಹೋಗಿ ಹೊಸದು ಕೊಳ್ಳುವ ಹಾಗೆ ಮಾಡಿದೆ. ಅದೇ 24 ಬಾಲ್ ಏನೂ ಮಾಡದೆ ಡಬ್ಬಿಯಲ್ಲೇ ಇಟ್ಟಿದ್ದರೆ? ಎಂಟು ವರ್ಷ ಬಂದರೆ ವರ್ಷಕ್ಕೆ ₹30.

ಇಲ್ಲಿ ಒಂದು ಮೋಸ ಅಡಗಿದೆ. ರೀಲ್ "ಹಳೇ ಬಾಲ್" ಅನ್ನುತ್ತದೆ. ಬಾಲ್ ಹಳೇದಾಗೋದು ಹೆಂಗೆ? ಅದಕ್ಕೆ ವರ್ಷದಲ್ಲಿ ಹತ್ತು ಹದಿನೈದು ದಿನದ ಕೆಲಸ. ಉಳಿದ ದಿನ ನಿದ್ದೆ. ಒಡೆದಿಲ್ಲ, ಬಣ್ಣ ಹೋಗಿಲ್ಲ. ಹಳೇದಾದದ್ದು ನಮ್ಮ ಕಣ್ಣಿಗೆ. ಈ ವರ್ಷ ರೋಸ್ ಗೋಲ್ಡ್ ಟ್ರೆಂಡ್ ಅಂದ ಕೂಡಲೇ ಕೆಂಪು ಬಾಲ್ ಕಸ ಆಯ್ತು. ಆ ಕಸವನ್ನು ಏನು ಮಾಡೋದು ಅಂತ ಹೇಳಿಕೊಡುವವನು, ಅದೇ ವಿಡಿಯೋದ ಕೆಳಗೆ ಗ್ಲೂ ಗನ್ ಲಿಂಕ್ ಹಾಕ್ತಾನೆ.

5/10

ಇವತ್ತು ಸ್ವಲ್ಪ ಶಾಲೆ ಕಡೆ.

ತಮ್ಮ ಏಳನೇ ಕ್ಲಾಸ್. ಹೋದ ತಿಂಗಳು ಡೈರಿಯಲ್ಲಿ ಬರೆದುಕೊಂಡು ಬಂದ: "ಬೆಸ್ಟ್ ಔಟ್ ಆಫ್ ವೇಸ್ಟ್, ಸೋಮವಾರ ತರಬೇಕು." ಬಂದದ್ದು ಶನಿವಾರ ಸಂಜೆ. ಮೊಬೈಲ್‌ನಲ್ಲಿ ನೋಡಿ ಸ್ನೋ ಹೌಸ್ ಮಾಡ್ತೀನಿ ಅಂದ. ಬೀದರ್‌ನಲ್ಲಿ ಸ್ನೋ! ಇರಲಿ. ಅದಕ್ಕೆ ಬೇಕಾದ ವೇಸ್ಟ್ ಮನೆಯಲ್ಲಿ ಇರಲಿಲ್ಲ. ಅವ್ವ ಆಟೋ ಹತ್ತಿ ಪೇಟೆಗೆ ಹೋಗಿ ವೇಸ್ಟ್ ಕೊಂಡು ತಂದಳು.

ಮತ್ತೊಮ್ಮೆ ಓದ್ರಿ. ವೇಸ್ಟ್ ಕೊಂಡು ತಂದಳು.

ಎರಡು ಥರ್ಮೊಕೋಲ್ ಶೀಟ್, ಹೊಸ ಐಸ್‌ಕ್ರೀಮ್ ಕಡ್ಡಿ ಒಂದು ಪ್ಯಾಕೆಟ್, ಹೊಸ ಪೇಪರ್ ಕಪ್ ಒಂದು ಸಾಲು, ಹತ್ತಿ, ಚಮಕಿ. ಅಂಗಡಿಯವ ಕೇಳಿದನಂತೆ, "ಬೆಸ್ಟ್ ಔಟ್ ಆಫ್ ವೇಸ್ಟಾ ಅಕ್ಕಾ? ಪೂರಾ ಸೆಟ್ ಇದೆ." ಸೆಟ್! ತಯಾರಿ ವೇಸ್ಟ್, ಪ್ಯಾಕೆಟ್‌ನಲ್ಲಿ.

ಮಾರ್ಕ್ಸ್ ಯಾರಿಗೆ ಬಂತು? ಹೆಚ್ಚು ಮಿಂಚಿದ್ದಕ್ಕೆ. ಒಬ್ಬ ಹುಡುಗ ಹರಿದ ಸ್ಕೂಲ್ ಬ್ಯಾಗಿನ ಪಟ್ಟಿಗೆ ಹಳೇ ಸೈಕಲ್ ಟ್ಯೂಬ್ ಸೇರಿಸಿ ಹೊಲಿದು ತಂದಿದ್ದನಂತೆ. ಅದು ಕ್ರಾಫ್ಟ್ ಅಲ್ಲ ಅಂದರಂತೆ. ನನ್ನ ಪ್ರಕಾರ ಇಡೀ ಕ್ಲಾಸಿನಲ್ಲಿ ಕಸದಿಂದ ರಸ ತೆಗೆದವನು ಅವನೊಬ್ಬನೇ.

ಅಲಂಕಾರಕ್ಕೆ ಥರ್ಮೊಕೋಲ್ ಬಳಸಬಾರದು ಅಂತ 1 ಜುಲೈ 2022ರಿಂದ ದೇಶದಾದ್ಯಂತ ನಿಷೇಧ ಇದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರ ಮಾರ್ಚ್‌ನಲ್ಲೇ, ಥರ್ಮೊಕೋಲ್ ತಟ್ಟೆ ಲೋಟ, ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ ಎಲ್ಲ ಬಂದ್ ಮಾಡಿದ ಆದೇಶ ಬಂದಿತ್ತು. ಕಾಗದದ ಮೇಲೆ ಬಂದ್. ಪರಿಸರದ ಪಾಠಕ್ಕೆ ಮಾತ್ರ ಅದು ಓಪನ್.

ಟೀಚರ್‌ಗಳ ಮೇಲೆ ಸಿಟ್ಟಿಲ್ಲ, ಅವರಿಗೂ ಮೇಲಿಂದ ಬಂದ ಚಟುವಟಿಕೆ ಪಟ್ಟಿ ಇರ್ತದೆ. ಓದುತ್ತಿರುವ ಟೀಚರ್ ಯಾರಾದ್ರೂ ಇದ್ರೆ ಒಂದು ವಿನಂತಿ. ಮುಂದಿನ ಸಲ ಹೀಗೆ ಬರೆಸ್ರಿ: "ಮನೆಯಲ್ಲಿ ಮುರಿದ ಒಂದು ವಸ್ತು ರಿಪೇರಿ ಮಾಡಿ ತನ್ನಿ. ಏನೂ ಕೊಳ್ಳಬಾರದು."

6/10

"ಹಂಗಾದ್ರೆ ಮರುಬಳಕೆ ತಪ್ಪೇನು?" ಅಂತ ನಿನ್ನೆ ಮೂರು ಜನ ಕೇಳಿದ್ದೀರಿ. ತಪ್ಪಲ್ಲ. ನಮ್ಮ ಮನೆಯಲ್ಲೇ ಒಳ್ಳೆ ಉದಾಹರಣೆ ಅದ. ಇವತ್ತಿನ ಫೋಟೋ: ಆಯಿಯ ಕೌದಿ.

ಹತ್ತು ಹನ್ನೆರಡು ಹಳೇ ಸೀರೆ, ಮುತ್ಯಾನ ಎರಡು ಧೋತರ, ನನ್ನ ಲಂಗದ ತುಂಡು. ಪದರ ಪದರ ಹಾಕಿ ದಪ್ಪ ಸೂಜಿಯಲ್ಲಿ ಉದ್ದಕ್ಕೂ ಟಾಕಿ. ಉತ್ತರ ಕರ್ನಾಟಕದ ಮಂದಿಗೆ ಕೌದಿ ಬಗ್ಗೆ ಹೇಳೋದು ಬೇಕಾಗಿಲ್ಲ. ನಮ್ಮಲ್ಲಿ ಬಹಳ ಜನ ಕೌದಿಯಲ್ಲೇ ಹುಟ್ಟಿ ಬೆಳೆದವರು.

ಕೌದಿ ಮತ್ತು ನನ್ನ ಪೆನ್ ಸ್ಟ್ಯಾಂಡ್ ಪಕ್ಕಪಕ್ಕ ಇಡ್ರಿ.

ಒಂದು: ಆಯಿ ಕೌದಿ ಹೊಲಿದದ್ದು ಹಳೇ ಸೀರೆ ಇದೆ ಅಂತ ಅಲ್ಲ, ಚಳಿ ಇದೆ ಅಂತ. ಮೊದಲು ಅಗತ್ಯ, ಆಮೇಲೆ ಸಾಮಾನು. ನಾನು ಮಾಡಿದ್ದು ಉಲ್ಟಾ. ಸಾಮಾನು ಕೈಯಲ್ಲಿ ಹಿಡಿದು ಅಗತ್ಯ ಹುಡುಕಿದೆ. ನನ್ನ ಹತ್ತಿರ ಇದ್ದದ್ದು ಎರಡು ಪೆನ್.

ಎರಡು: ಕೌದಿಗೆ ಸೇರಿದ ಸೀರೆಗೆ ಬೇರೆ ಕೆಲಸ ಉಳಿದಿರಲಿಲ್ಲ. ಉಟ್ಟು ಉಟ್ಟು ಜಾಳಾಗಿತ್ತು. ನನ್ನ ಬಾಲ್‌ಗೆ ಇನ್ನೂ ಎಂಟು ಕ್ರಿಸ್ಮಸ್ ಆಯುಷ್ಯ ಇತ್ತು.

ಮೂರು: ಆಯಿ ಹೊಸದಾಗಿ ಕೊಂಡದ್ದು ಒಂದು ಉಂಡೆ ದಾರ. ನಾನು ₹280ರ ಹೊಸ ಪ್ಲಾಸ್ಟಿಕ್.

ನಾಲ್ಕು: ಕೌದಿ ಹರಿದರೆ ಒರೆಸುವ ಬಟ್ಟೆ, ಅದೂ ಹರಿದರೆ ಎತ್ತಿನ ಕೊಟ್ಟಿಗೆಗೆ. ಹತ್ತಿ ಬಟ್ಟೆ, ಕೊನೆಗೆ ಮಣ್ಣು ಸೇರ್ತದೆ. ಪೆನ್ ಸ್ಟ್ಯಾಂಡಿನ ಕೊನೆ ಎಲ್ಲಿ ಅಂತ ಮೊದಲ ಪೋಸ್ಟ್‌ನಲ್ಲೇ ಹೇಳಿದೀನಿ.

ಹೀಗಾಗಿ ಯಾವ ರೀಲ್ ನೋಡಿದರೂ ಈ ನಾಲ್ಕು ಪ್ರಶ್ನೆ ಕೇಳ್ರಿ. ಇದು ನನಗೆ ಬೇಕಾ? ಈ ವಸ್ತುವಿನ ಮೊದಲ ಕೆಲಸ ಮುಗಿದಿದೆಯಾ? ಹೊಸದಾಗಿ ಎಷ್ಟು ಕೊಳ್ಳಬೇಕು? ಕೆಟ್ಟ ಮೇಲೆ ಎಲ್ಲಿಗೆ ಹೋಗ್ತದೆ?

ನಾಲ್ಕೂ ಪಾಸ್ ಆದರೆ ಖುಷಿಯಿಂದ ಮಾಡ್ರಿ, ನಾನೇ ಮೊದಲ ಲೈಕ್ ಹಾಕ್ತೀನಿ. ಒಂದರಲ್ಲಿ ಫೇಲ್ ಆದರೂ ಗ್ಲೂ ಗನ್ ಪ್ಲಗ್ ತೆಗೀರಿ.

7/10

"ನೀನು ಹಬ್ಬದ ವಿರೋಧಿ" ಅಂತ ಒಬ್ಬರು ಡಿಎಂ ಮಾಡಿದ್ದಾರೆ. ಅಣ್ಣಾ, ನಮ್ಮ ಮನೆಯಲ್ಲೇ ಕ್ರಿಸ್ಮಸ್. ಡಿಸೆಂಬರ್ ಒಂದಕ್ಕೆ ನಕ್ಷತ್ರ ಏರಿಸದಿದ್ದರೆ ನನಗೆ ನಿದ್ದೆ ಬರೋದಿಲ್ಲ. ಅದಕ್ಕೇ ನಕ್ಷತ್ರದ ಬಗ್ಗೆಯೇ ಹೇಳ್ತೀನಿ.

ಮನೆ ಮುಂದೆ ನಕ್ಷತ್ರ ತೂಗುಹಾಕುವ ಪದ್ಧತಿಯಲ್ಲಿ ಬಹಳ ಹೆಸರಾದದ್ದು ಜರ್ಮನಿಯ ಮೊರೇವಿಯನ್ ನಕ್ಷತ್ರ. 1830ರ ದಶಕದಲ್ಲಿ ನೀಸ್ಕಿ ಅನ್ನುವ ಊರಿನ ಮೊರೇವಿಯನ್ ಹುಡುಗರ ಶಾಲೆಯಲ್ಲಿ ಜ್ಯಾಮಿತಿ ಪಾಠಕ್ಕೆ ಕಾಗದದಿಂದ ಮಾಡಿಸಿದ್ದು. ಅಂದ್ರೆ ಅದು ಶಾಲೆ ಮಕ್ಕಳ ಕೈಕೆಲಸ! ಮಡಚುವುದು, ಅಳೆಯುವುದು, ಕೋನ ಲೆಕ್ಕ ಹಾಕುವುದು, ಎಲ್ಲ ಅದರಲ್ಲಿತ್ತು.

ನಮ್ಮ ಮುತ್ಯಾನ ನಕ್ಷತ್ರ ಬಿದಿರಿನದು. ಬಿದಿರಿನಿಂದಲೇ ಬೀದರ್ ಹೆಸರು ಬಂತು ಅಂತಾರಲ್ಲ, ಆ ಬಿದಿರು. ಸೀಳಿದ ಹತ್ತು ಕಡ್ಡಿಯಲ್ಲಿ ಎರಡು ಐದುಮೂಲೆ ನಕ್ಷತ್ರ, ತುದಿಗಳಲ್ಲಿ ಕಟ್ಟು, ನಡುವೆ ಐದು ಗಿಡ್ಡ ಕಡ್ಡಿ ಒತ್ತಿ ಉಬ್ಬಿಸೋದು. ಮೇಲೆ ಪತಂಗದ ಕಾಗದ, ಮೈದಾ ಅಂಟು. ಒಳಗೆ ಮೊದಲು ಚಿಮಣಿ ದೀಪ, ಆಮೇಲೆ ಬಲ್ಬ್. ಜನವರಿಯಲ್ಲಿ ಕಾಗದ ಹರಿದು ತೆಗೆದು, ಕಡ್ಡಿ ಚೌಕಟ್ಟು ಅಟ್ಟಕ್ಕೆ. ಮುಂದಿನ ವರ್ಷ ಹೊಸ ಕಾಗದ. ಚೌಕಟ್ಟು ಅದೇ. ಅಪ್ಪ ಹೇಳೋ ಪ್ರಕಾರ ಒಂದೇ ಚೌಕಟ್ಟು ಹನ್ನೊಂದು ವರ್ಷ ಬಂದಿತ್ತು.

ಈಗ ಗಲ್ಲಿಯಲ್ಲಿ ಎಲ್ಲ ಮನೆ ಮುಂದೂ ಪ್ಲಾಸ್ಟಿಕ್ ನಕ್ಷತ್ರ. ಸುಳ್ಳು ಹೇಳೋದಿಲ್ಲ, ನಮ್ಮದೂ ಹೋದ ವರ್ಷದವರೆಗೆ ಅದೇ. ಮಳೆ ಬಂದ್ರೂ ಕೆಡಲ್ಲ ಅಂತ ತಂದದ್ದು. ಎರಡನೇ ವರ್ಷಕ್ಕೆ ಮಡಿಕೆಯಲ್ಲಿ ಬಿರುಕು ಬಿಟ್ಟು ಹೋಯ್ತು. ಕಾಗದದ್ದು ಹರಿದರೆ ಕಾಗದ ಬದಲಿಸ್ತಿದ್ವಿ, ಪ್ಲಾಸ್ಟಿಕ್‌ದು ಬಿರಿದರೆ ಪೂರಾ ನಕ್ಷತ್ರವೇ ಕಸ.

ಹಬ್ಬ ಕಡಿಮೆ ಮಾಡ್ರಿ ಅಂತ ನಾನು ಹೇಳ್ತಿಲ್ಲ. ಮುತ್ಯಾನ ಕಾಲದ ಹಬ್ಬದಲ್ಲಿ ಮೂರು ಸಂಜೆ ಎಲ್ಲರೂ ಕೂತು ನಕ್ಷತ್ರ ಕಟ್ಟುತ್ತಿದ್ದರು. ಈಗ ಹತ್ತು ನಿಮಿಷದಲ್ಲಿ ಕೊಂಡು ತರ್ತೀವಿ. ಹಬ್ಬ ಕಡಿಮೆ ಆಗಿದ್ದು ಯಾವಾಗ, ನೀವೇ ಹೇಳ್ರಿ.

8/10

ಬೈದದ್ದು ಸಾಕು, ಮಾಡೋದು ಏನು? ಇದನ್ನು ಸೇವ್ ಮಾಡ್ಕೊಳ್ರಿ.

ಅಕೌಂಟ್ಸ್‌ನಲ್ಲಿ ಮೊದಲ ವರ್ಷವೇ ಕಲಿಸ್ತಾರೆ: ಈ ವರ್ಷದ ಕ್ಲೋಸಿಂಗ್ ಸ್ಟಾಕ್ ಮುಂದಿನ ವರ್ಷದ ಓಪನಿಂಗ್ ಸ್ಟಾಕ್. ಮನೆಯಲ್ಲಿ ಯಾರೂ ಇದನ್ನು ಬರೆದಿಡೋದಿಲ್ಲ. ಅದಕ್ಕೇ ಪ್ರತಿ ಡಿಸೆಂಬರ್ ಪರ್ಚೇಸ್ ಒಂದೇ ಓಡ್ತದೆ.

ಗಿಡ ಬಿಚ್ಚುವ ದಿನವೇ ಎಣಿಸ್ರಿ. ಬಾಲ್ ಎಷ್ಟು, ಗಂಟೆ ಎಷ್ಟು, ಲೈಟ್ ಸರ ಎಷ್ಟು, ಎಷ್ಟು ಉರಿತಾವ. ಒಂದು ಚೀಟಿಯಲ್ಲಿ ಬರೆದು ಡಬ್ಬಿ ಮುಚ್ಚಳದ ಒಳಗೆ ಅಂಟಿಸ್ರಿ. ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಮುಂದಿನ ಡಿಸೆಂಬರ್ ಅಂಗಡಿಗೆ ಹೋಗೋ ಮುಂಚೆ ಆ ಫೋಟೋ ನೋಡ್ರಿ.

ಬಾಲ್ ಇಡೋದು: ತತ್ತಿಯ ರಟ್ಟಿನ ಟ್ರೇ. ಸಣ್ಣ ಬಾಲ್ ಸರಿಯಾಗಿ ಕೂಡ್ತಾವ, ತಿಕ್ಕಾಟದಲ್ಲಿ ಲೇಪ ಹೋಗೋದಿಲ್ಲ. ದೊಡ್ಡವು ಹಳೇ ಪೇಪರ್ ಸುತ್ತಿ ಶೂ ಡಬ್ಬಿಗೆ. ಬಂದ ಪ್ಯಾಕಿಂಗ್ ಟ್ರೇ ಒಡೆಯದೆ ಇದ್ದರೆ ಅದಕ್ಕಿಂತ ಒಳ್ಳೇದು ಇಲ್ಲ. ಆ ಟ್ರೇಗೆ ನಿಜವಾದ ಮರುಬಳಕೆ ಅಂದ್ರೆ ಅದೇ.

ಲೈಟ್ ಸರ: ರಟ್ಟಿನ ತುಂಡಿನ ಎರಡೂ ಕಡೆ ಕಚ್ಚು ಮಾಡಿ ಸುತ್ತಿಡ್ರಿ. ಗಂಟು ಬಿಡಿಸುವಾಗ ಎಳೆದೇ ಹೆಚ್ಚು ಸರ ಕೆಡೋದು.

ದಾರ ಹೋದರೆ: ಹೊಲಿಗೆ ದಾರ. ಟೊಪ್ಪಿಗೆ ಸಡಿಲಾದರೆ: ತಂತಿಯ ಕಾಲು ಸ್ವಲ್ಪ ಅಗಲಿಸಿ ಒತ್ತಿದರೆ ಕೂಡ್ತದೆ. ಒಂದು ಕಡೆ ಬಣ್ಣ ಹೋದರೆ: ಆ ಕಡೆ ಗಿಡದ ಒಳಮುಖ ಮಾಡಿ ಕಟ್ಟಿ. ಗೋಡೆ ಕಡೆ ಯಾರು ನೋಡ್ತಾರೆ?

ಇಡೋ ಜಾಗ: ತಗಡಿನ ಕೆಳಗಿನ ಅಟ್ಟ ಬೇಡ. ಬೇಸಿಗೆ ಕಾವಿಗೆ ಬಾಲ್ ಸೊಟ್ಟ ಆಗ್ತಾವ. ಮಂಚದ ಕೆಳಗೆ ಇಡ್ರಿ.

ಇದರಲ್ಲಿ ಕ್ರಿಯೇಟಿವಿಟಿ ಏನಿದೆ ಅಂತೀರಾ? ಏನೂ ಇಲ್ಲ. ರೀಲ್ ಆಗೋದಿಲ್ಲ, ಲೈಕ್ ಬರೋದಿಲ್ಲ. ಒಂದು ವಸ್ತುವನ್ನು ಅದು ಹುಟ್ಟಿದ ಕೆಲಸಕ್ಕೇ ಮತ್ತೆ ಮತ್ತೆ ಬಳಸೋದು. ಇದಕ್ಕಿಂತ ದೊಡ್ಡ ಮರುಬಳಕೆ ನನಗೆ ಗೊತ್ತಿಲ್ಲ.

9/10

ಗಿಡಕ್ಕೆ ಕಟ್ಟಲು ಬಾರದಷ್ಟು ಕೆಟ್ಟ ಬಾಲ್, ಮನೆ ತುಂಬಿದ ಪ್ಯಾಕಿಂಗ್. ಇವಕ್ಕೆ ಏನು? ನಾಲ್ಕು ಪ್ರಶ್ನೆ ಪಾಸ್ ಮಾಡಿದ ಕೆಲವು ಉಪಾಯ ಸಿಕ್ಕಿವೆ.

ಹೊಲ. ಇಲ್ಲಿ ಅಗತ್ಯ ತಾನಾಗಿ ಇದೆ. ಕ್ರಿಸ್ಮಸ್ ಮುಗಿಯೋ ಹೊತ್ತಿಗೆ ಹಿಂಗಾರಿ ಬಿಳಿಜೋಳ ತೆನೆ ಕಟ್ಟುತ್ತದೆ, ಗುಬ್ಬಿ ಗಿಳಿ ಬೀಳ್ತಾವ. ರೈತರು ಹಳೇ ಕ್ಯಾಸೆಟ್ ಟೇಪ್, ಸಿಡಿ, ಮಿಂಚುವ ಪಟ್ಟಿ ಕಟ್ಟೋದು ನೋಡಿದ್ದೀರಿ. ಕೆಟ್ಟ ಬಾಲ್ ಅದೇ ಕೆಲಸ ಮಾಡ್ತದೆ. ನಾವು ಕಾಕಾನ ಹೊಲದಲ್ಲಿ ಹನ್ನೆರಡು ಕಟ್ಟಿದ್ವಿ. ಸತ್ಯ ಹೇಳಬೇಕಂದ್ರೆ ಒಂದು ವಾರದಲ್ಲಿ ಹಕ್ಕಿಗೆ ರೂಢಿ ಆಗ್ತದೆ, ಜಾಗ ಬದಲಿಸ್ತಾ ಇರಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಹುರುಪಳಿಸಿ ಚೂರಾಗೋ ಮುಂಚೆ ಬಿಚ್ಚಬೇಕು. ಕಟ್ಟಿದ್ದು 12, ರಾಶಿ ಮುಂಚೆ ಬಿಚ್ಚಿದ್ದು 12. ಝರಿ ಮಾಲೆ ಮಾತ್ರ ಹೊಲಕ್ಕೆ ಒಯ್ಯಬೇಡ್ರಿ. ಎಳೆ ಎಳೆ ಉದುರಿ ಮಣ್ಣಿಗೆ, ಕಣಕಿ ಜೊತೆ ದನದ ಹೊಟ್ಟೆಗೆ ಹೋಗ್ತದೆ.

ಬಬಲ್ ರ‍್ಯಾಪ್, ಗಟ್ಟಿ ರಟ್ಟು. ಕೊರಿಯರ್ ಮಾಡುವ ಅಂಗಡಿಗೆ ಕೊಡ್ರಿ. ನಮ್ಮೂರಿನ ಬಿದ್ರಿ ಸಾಮಾನು ದೂರ ದೂರ ಹೋಗ್ತದೆ, ಪ್ಯಾಕಿಂಗ್ ಎಲ್ಲರಿಗೂ ಬೇಕು. ಕೇಳಿ ಕೊಡ್ರಿ, ಅವರ ಬಾಗಿಲಿಗೆ ನಿಮ್ಮ ಕಸ ಸುರುವಬೇಡ್ರಿ.

ಗಿಫ್ಟ್ ಪೇಪರ್. ಮುದುಡಿ ನೋಡ್ರಿ. ಮುದುಡಿದ ಹಾಗೇ ಇದ್ದರೆ ಕಾಗದ, ರದ್ದಿಗೆ ಹಾಕಬಹುದು. ಮತ್ತೆ ತೆರೆದುಕೊಂಡರೆ ಪ್ಲಾಸ್ಟಿಕ್.

ಮಾಡಲೇಬಾರದ್ದು: ಕೆಲವು ರೀಲ್‌ನಲ್ಲಿ ದೊಡ್ಡ ಬಾಲ್ ಕತ್ತರಿಸಿ ಚಾಕೊಲೇಟ್, ಗೋಡಂಬಿ ತುಂಬಿ ಗಿಫ್ಟ್ ಕೊಡ್ತಾರೆ. ಅದು ಊಟದ ಪಾತ್ರೆ ಅಲ್ಲ. ಅದರ ಬಣ್ಣ, ಲೇಪ ತಿನ್ನೋ ಸಾಮಾನಿಗೆ ತಾಗಲಿ ಅಂತ ಯಾರೂ ಮಾಡಿದ್ದಲ್ಲ. ಕತ್ತರಿಸಿದ ಅಂಚು ಬೇರೆ ಚಾಕುವಿನ ಹಾಗೆ.

ಇಷ್ಟೆಲ್ಲ ಆದ ಮೇಲೂ ಉಳಿದದ್ದು? ಒಣಕಸದ ಚೀಲ, ಪಂಚಾಯಿತಿ ಗಾಡಿ. ಒಲೆ ಅಲ್ಲ, ಹಳ್ಳ ಅಲ್ಲ. ಕಸ ಅಂತ ಒಪ್ಪಿಕೊಂಡು ಕಸಕ್ಕೆ ಹಾಕೋದು, ಕಲೆ ಅಂತ ಹೆಸರಿಟ್ಟು ಅಟ್ಟಕ್ಕೆ ಹಾಕೋದಕ್ಕಿಂತ ಪ್ರಾಮಾಣಿಕ.

10/10

ಕೊನೇ ಪೋಸ್ಟ್. ಫೋಟೋ ನಮ್ಮೂರ ಗುಂಬಜ್‌ಗಳು, ಸಂಜೆ ಐದೂವರೆ.

"ಕ್ರಿಸ್ಮಸ್ ಒಂದೇ ಕಂಡಿತಾ ನಿನಗೆ?" ಅಂತ ಕೇಳಿದವರಿಗೆ ಉತ್ತರ. ಇಲ್ಲ. ಗಣಪತಿಯ ಮಖರ, ದೀಪಾವಳಿಯ ತೋರಣ, ಉರುಸಿನ ಝಂಡಿ, ಮದುವೆ ಸ್ಟೇಜು, ಆಗಸ್ಟ್ 15ರ ಸಣ್ಣ ಬಾವುಟ. ಎಲ್ಲದರಲ್ಲೂ ಅದೇ ಪ್ಲಾಸ್ಟಿಕ್, ಬಣ್ಣ ಮಾತ್ರ ಬೇರೆ. ನಮ್ಮ ಮನೆಯ ಕಸದಿಂದ ಶುರು ಮಾಡಿದೆ, ಯಾಕಂದ್ರೆ ಪಕ್ಕದ ಮನೆ ಕಸದ ಬಗ್ಗೆ ಬರೆಯೋದು ಬಹಳ ಸುಲಭ.

"ಕಂಪನಿಗಳನ್ನು ಕೇಳು" ಅಂದವರಿಗೂ ಹೌದು. ಪ್ಲಾಸ್ಟಿಕ್ ಪ್ಯಾಕಿಂಗ್ ಮಾರುಕಟ್ಟೆಗೆ ತಂದವರೇ ಅದರ ಕೊನೆಗೂ ಹೊಣೆ ಅಂತ 2016ರ ನಿಯಮ ಹೇಳ್ತದೆ, 2022ರಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂತು. ಆದರೆ ಆ ಹೊಣೆ ಪ್ಯಾಕಿಂಗ್‌ಗೆ, ಒಳಗಿನ ಬಾಲ್‌ಗಲ್ಲ. 2022ರ ನಿಷೇಧದ ಪಟ್ಟಿಯಲ್ಲಿ ಬಲೂನ್ ಕಡ್ಡಿ ಇದೆ, ಪ್ಲಾಸ್ಟಿಕ್ ಬಾವುಟ ಇದೆ, ಸ್ವೀಟ್ ಬಾಕ್ಸ್ ಮೇಲಿನ ತೆಳು ಹಾಳೆ ಇದೆ, ಥರ್ಮೊಕೋಲ್ ಇದೆ. ಝರಿ ಮಾಲೆ ಇಲ್ಲ, ಚಮಕಿ ಇಲ್ಲ. ಯುರೋಪಿನಲ್ಲಿ ಉದುರುವ ಪ್ಲಾಸ್ಟಿಕ್ ಚಮಕಿ ಮಾರಾಟಕ್ಕೆ 2023ರ ಅಕ್ಟೋಬರ್‌ನಿಂದ ತಡೆ ಬಿದ್ದಿದೆ. ನಮ್ಮಲ್ಲೂ ಕೇಳಬೇಕಾದದ್ದು ಅದನ್ನೇ. ನಾವು ಪೆನ್ ಸ್ಟ್ಯಾಂಡ್ ಮಾಡ್ತಾ ಕೂತಷ್ಟು ದಿನ ಕೇಳುವವರು ಯಾರೂ ಇರೋದಿಲ್ಲ. "ನೀವೇ ಸೃಜನಶೀಲರಾಗಿ" ಅಂದ್ರೆ "ನಮ್ಮನ್ನು ಕೇಳಬೇಡಿ" ಅಂತ ಅರ್ಥ.

ಈಗ ಆ ಗುಂಬಜ್. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ಅಲ್ಲಿದ್ದಾರೆ. ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಹೋಳಿ ಆದಮೇಲೆ ನಡೆಯೋ ಉರುಸಿಗೆ ಇಬ್ಬರೂ ಬರ್ತಾರೆ, ಶಂಖವೂ ಊದ್ತದೆ. ನಾವೂ ಹೋಗ್ತೀವಿ. ಒಂದೇ ಜಾಗ ಎರಡು ಹೆಸರಲ್ಲಿ ಇಷ್ಟು ಶತಮಾನ ನಡೆದಿದೆ ಅಂದ ಮೇಲೆ, ಒಂದೇ ಲೈಟ್ ಸರ ಮೂರು ಹಬ್ಬಕ್ಕೆ ನಡೆಯೋದಿಲ್ಲವಾ?

ಅದಕ್ಕೇ ಈ ವರ್ಷ ನಮ್ಮ ಗಲ್ಲಿಯಲ್ಲಿ ಒಂದು ಪೆಟ್ಟಿಗೆ ಮಾಡಿದೀವಿ. ಏಳು ಮನೆ ಸೇರಿದ್ದಾವೆ. ಮೂರು ಮತದವರು ಇದ್ದೀವಿ. ಒಳಗೆ ಲೈಟ್ ಸರ 9, ಬಟ್ಟೆಯ ತೋರಣ 6, ಬಾಲ್ 31, ಬಿದಿರಿನ ನಕ್ಷತ್ರದ ಚೌಕಟ್ಟು 2. ಅಪ್ಪ ನೆನಪಿಸಿಕೊಂಡು ಕಟ್ಟಿಕೊಟ್ಟದ್ದು ಅವು. ಮುಚ್ಚಳದ ಒಳಗೆ ಚೀಟಿ, ಯಾರು ಒಯ್ದರು, ಎಷ್ಟು ತಂದರು. ಮೊದಲ ಎಂಟ್ರಿ ಪಕ್ಕದ ಮನೆಯ ಅಕ್ಕನ ನಿಶ್ಚಿತಾರ್ಥಕ್ಕೆ: ಲೈಟ್ 4 ಹೋಯ್ತು, 4 ಬಂತು.

ಮೊನ್ನೆ ಅವ್ವ ಹಂಡೆ ಒಲೆಗೆ ಹಚ್ಚಲು ತೆಂಗಿನ ಚಿಪ್ಪು, ತೊಗರಿ ಕಟ್ಟಿಗೆ ಇಟ್ಟುಕೊಂಡಿದ್ದಳು. ಹೊಗೆ ಇನ್ನೂ ಇದೆ, ಆದರೆ ಕರ್ರಗಿಲ್ಲ.

ನೀವು ಮಾಡಬೇಕಾದ್ದು ಒಂದೇ. ಇವತ್ತು ನಿಮ್ಮ ಮನೆಯ ಡಬ್ಬಿ ತೆಗೆದು ಎಣಿಸ್ರಿ. ಕ್ಲೋಸಿಂಗ್ ಸ್ಟಾಕ್ ಎಷ್ಟು ಅಂತ ಕೆಳಗೆ ಬರೀರಿ. ಮುಂದಿನ ಡಿಸೆಂಬರ್ ಒಂದಕ್ಕೆ ಬಂದು ಕೇಳ್ತೀನಿ.

#ಅಷ್ಟೂರ #ಬೀದರ್ #ಕಸದಿಂದಕಸ #ಕ್ಲೋಸಿಂಗ್‌ಸ್ಟಾಕ್